ವರದಿಯಲ್ಲಿ ಯಾರ ಮಾತಿದೆ? ಎಣಿಸಿ ನೋಡುವ ಬಗೆ

ಅಂಚಿನಲ್ಲಿರುವ ಜನಾಂಗಗಳ, ಮಹಿಳೆಯರ, ಲಿಂಗತ್ವ ಅಲ್ಪಸಂಖ್ಯಾತರ ದನಿಯಾಗಬೇಕೆಂದು ಹೊರಟ ಸ್ವತಂತ್ರ ಸುದ್ದಿ ತಂಡ ಮೊದಲು ತನ್ನ ಲೆಕ್ಕ ತಾನೇ ನೋಡಬೇಕು. ಜಾಗತಿಕ ಮಾಧ್ಯಮ ನಿಗಾ ಯೋಜನೆಯ ಎಣಿಕೆಯಂತೆ, ಸುದ್ದಿಯಲ್ಲಿ ಕಾಣಿಸಿಕೊಂಡವರಲ್ಲಿ ಮಹಿಳೆಯರ ಪಾಲು 1995ರಲ್ಲಿ ಶೇ. 17, 2020ರಲ್ಲಿ ಶೇ. 25. ಸದಾಶಯವೊಂದರಿಂದಲೇ ಇದು ಬದಲಾಗುವುದಿಲ್ಲ.

ಕಳೆದ 30 ದಿನಗಳ ವರದಿಗಳನ್ನು ತೆಗೆದುಕೊಳ್ಳಿ. ಮಾತನಾಡಿದ ಪ್ರತಿಯೊಬ್ಬರಿಗೂ ಎಕ್ಸೆಲ್‌ನಲ್ಲಿ ಒಂದು ಸಾಲು: ವಿಷಯ, ಎಷ್ಟು ವಾಕ್ಯ ಬಳಸಿದ್ದೀರಿ, ಲಿಂಗ, ಸಮುದಾಯ, ಪಾತ್ರ. ಹೆಸರು ಬೇಡ, ಆ ಕಡತ ಸೋರಿದರೆ ತೊಂದರೆಗೆ ಸಿಲುಕುವವರು ಅವರು. ಲಿಂಗ, ಸಮುದಾಯಗಳನ್ನು ಹೆಸರು, ಮುಖ ನೋಡಿ ಊಹಿಸಬೇಡಿ. ಕೇಳಿ, ಹೇಳದಿದ್ದರೆ ಖಾಲಿ ಬಿಡಿ. ಕಾರ್ಯಕ್ರಮಗಳಲ್ಲಿ ಮಹಿಳೆಯರ ಪಾಲನ್ನು ಅರ್ಧಕ್ಕೆ ತರಲೆಂದು ಬಿಬಿಸಿಯಲ್ಲಿ 2017ರಲ್ಲಿ ಶುರುವಾದ 50:50 ಪ್ರಯತ್ನದ ನಿಯಮವೊಂದು ಇಲ್ಲಿ ಉಪಯುಕ್ತ: ಯಾರನ್ನು ಮಾತನಾಡಿಸಬೇಕೆಂಬ ಆಯ್ಕೆ ನಿಮ್ಮ ಕೈಯಲ್ಲಿದ್ದ ಕಡೆ ಮಾತ್ರ ಎಣಿಸಿ. ದೇಶದ ಪ್ರಧಾನಿಯೇ ಸುದ್ದಿಯಾದ ದಿನ ಬೇರೆಯವರನ್ನು ಆರಿಸಲಾಗದು.

ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪಾತ್ರದ ಕಾಲಂ: ತಜ್ಞರು, ಅಧಿಕಾರಿ, ಪ್ರತ್ಯಕ್ಷದರ್ಶಿ, ನೊಂದವರು. ಒಟ್ಟು ಸಂಖ್ಯೆ ಚೆನ್ನಾಗಿ ಕಂಡರೂ ಈ ಸಮುದಾಯಗಳವರೆಲ್ಲ 'ನೊಂದವರು' ಎಂಬ ಪಾತ್ರದಲ್ಲೇ ತುಂಬಿರಬಹುದು. ದೌರ್ಜನ್ಯ ನಡೆದಾಗ ಮಾತ್ರ ಫೋನ್ ಮಾಡಿ, ಬಜೆಟ್ ಬಗ್ಗೆ ಕೇಳಲು ಬೇರೆಯವರ ಬಳಿ ಹೋಗುವುದು ಅವರನ್ನು ಮತ್ತೆ ಅಂಚಿಗೆ ತಳ್ಳಿದಂತೆ. ಹೀಗಾಗುವುದು ಹೆಚ್ಚಾಗಿ ಅವಸರದಲ್ಲಿ. ಗಡುವು ಹತ್ತಿರವಾದಾಗ ಕೈ ಹಳೆಯ ನಂಬರಿಗೇ ಹೋಗುತ್ತದೆ. ಬಿಡುವಿದ್ದಾಗಲೇ ಆರೋಗ್ಯ, ಹವಾಮಾನ, ಹಣಕಾಸು ಹೀಗೆ ವಿಷಯಕ್ಕೆ ಈ ಸಮುದಾಯಗಳ ಕನಿಷ್ಠ ಮೂವರನ್ನು ಗುರುತಿಸಿ, ಪರಿಚಯ ಮಾಡಿಕೊಂಡಿರಿ. ಒಬ್ಬರನ್ನೇ ಪದೇ ಪದೇ ಕರೆದರೆ ಇಡೀ ಸಮುದಾಯದ ವಕ್ತಾರಿಕೆಯ ಹೊರೆ ಅವರ ಮೇಲೆ ಬೀಳುತ್ತದೆ.

ಗುರುತು ಮರೆಮಾಚಬೇಕಾದಾಗ ಮುಖ ಮಸುಕು ಮಾಡಿದರೆ ಸಾಲದು. ಹಚ್ಚೆ, ಗೋಡೆಯ ಚಿತ್ರ, ಕಿಟಕಿಯಾಚೆಯ ಕಟ್ಟಡವೂ ಗುರುತು ಕೊಡುತ್ತವೆ. ದನಿಯ ಪಿಚ್ ಬದಲಿಸಿದ್ದನ್ನು ತಿರುಗಿಸಿ ಮೂಲ ದನಿಯ ಹತ್ತಿರಕ್ಕೆ ತರಬಹುದು, ಹಾಗಾಗಿ ಮಾತನ್ನು ಬೇರೊಬ್ಬರಿಂದ ಓದಿಸಿ. ಫೋಟೊ ಕಡತದಲ್ಲಿ ಅಡಗಿರುವ ಸ್ಥಳದ ಮಾಹಿತಿ ಅಳಿಸಿ. ಒಪ್ಪಿಗೆಯನ್ನು ಎರಡು ಸಲ ಪಡೆಯಿರಿ: ಮಾತಿಗೆ ಮೊದಲು, ಮತ್ತೆ ಪ್ರಕಟಣೆಗೆ ಮೊದಲು. ಎರಡನೆಯ ಸಲ ಅವರ ಮಾತುಗಳ ಜೊತೆ ಶೀರ್ಷಿಕೆಯನ್ನೂ ಓದಿ ಹೇಳಿ. ಒಳಗಡೆ ಸರಿಯಾಗಿ ಬಳಸಿದ ಹೆಸರು, ಸರ್ವನಾಮ ಶೀರ್ಷಿಕೆಗೆ ಬರುವಾಗ ತಪ್ಪುವುದುಂಟು.