ಬಿಳಿ ಮಣಿ ಯಾಕೆ ಖಾಲಿಯಾಗಲಿಲ್ಲ

ಮಕ್ಕಳ ಜೀವ ತೆಗೆಯುವ ಜೀನ್ ಸಾವಿರಾರು ವರ್ಷ ಹೇಗೆ ಉಳಿಯುತ್ತದೆ? ಸಿಕಲ್ ಸೆಲ್, ಅಂದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ವಂಶವಾಹಿ ಕಾಯಿಲೆ, ಅದರ ಪಾಠವನ್ನು ನಾನು ಎಷ್ಟೋ ಸಲ ಮಾಡಿದ್ದೇನೆ. ಸೂತ್ರ ಬಾಯಿಗೆ ಬರುತ್ತಿತ್ತು, ಮನಸ್ಸಿಗೆ ಇಳಿದಿರಲಿಲ್ಲ. ಕೊನೆಗೆ ಒಂದು ಡಬ್ಬಿ, ಒಂದಿಷ್ಟು ಮಣಿ, ಒಂದು ದಾಳ ತಗೊಂಡು ಕೂತೆ.

ಕೆಂಪು ಮಣಿ ಮಾಮೂಲಿ ಜೀನ್, ಬಿಳಿ ಮಣಿ ಸಿಕಲ್ ಜೀನ್. ನೋಡದೆ ಎರಡು ಮಣಿ ತೆಗೆದರೆ ಒಂದು ಮಗು. ಎರಡೂ ಬಿಳಿಯಾದರೆ ಕಾಯಿಲೆ, ಹೊರಗೆ. ಎರಡೂ ಕೆಂಪಾದರೆ ದಾಳ ಉರುಳಿಸಬೇಕು. ಒಂದು ಬಿದ್ದರೆ ಮಲೇರಿಯಾಕ್ಕೆ ಬಲಿ. ಒಂದು ಕೆಂಪು, ಒಂದು ಬಿಳಿ ಬಂದರೆ ಮಗು ಉಳಿಯಿತು. ಒಂದೇ ಸಿಕಲ್ ಜೀನ್ ಇದ್ದವರಿಗೆ ಮಲೇರಿಯಾ ಅಷ್ಟು ಜೋರಾಗಿ ತಗಲುವುದಿಲ್ಲ ಎಂದು ವಿಜ್ಞಾನಿ ಆಂಥನಿ ಆಲಿಸನ್ ಪೂರ್ವ ಆಫ್ರಿಕಾದಲ್ಲಿ ಕೆಲಸ ಮಾಡಿ 1954ರಲ್ಲಿ ತೋರಿಸಿದ್ದರು. ಆರರಲ್ಲೊಂದು ಸಾವು ಅನ್ನುವುದು ಮಾತ್ರ ಆಟಕ್ಕೆ ನಾನೇ ಇಟ್ಟುಕೊಂಡ ಲೆಕ್ಕ.

ಮೊದಲ ಸಲ ತಪ್ಪು ಮಾಡಿದೆ. ಬರೀ 20 ಮಣಿ ಹಾಕಿದ್ದೆ. ಆರನೇ ತಲೆಮಾರಿಗೇ ಬಿಳಿ ಮಾಯ. ಅದು ನಿಸರ್ಗದ ಆಯ್ಕೆಯ ಕೆಲಸವಲ್ಲ, ಸುಮ್ನೆ ಅದೃಷ್ಟದಾಟ. ಗುಂಪು ಚಿಕ್ಕದಾದರೆ ಹೀಗೇ ಆಗುತ್ತದೆ.

ಆಮೇಲೆ 200 ಮಣಿ, ಅರ್ಧ ಬಿಳಿ. ಒಂದೇ ತಲೆಮಾರಿಗೆ ಉಳಿದವುಗಳಲ್ಲಿ ಬಿಳಿಯ ಪಾಲು ನೂರಕ್ಕೆ 35ರ ಹತ್ತಿರ ಬಂತು. ಅದೇ ಪ್ರಮಾಣದಲ್ಲಿ ಡಬ್ಬಿಗೆ ಮತ್ತೆ 200 ತುಂಬಿಸಿ ಮುಂದುವರಿಸಿದೆ. ಬಿಳಿ ಇಳಿಯುತ್ತಾ ಹೋಯಿತು, ಆದರೆ ಸೊನ್ನೆಗಲ್ಲ. 200ರಲ್ಲಿ 28 ಬಿಳಿ ಮಣಿಯ ಆಸುಪಾಸಿನಲ್ಲಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಡುತ್ತಾ ನಿಂತಿತು. ಹತ್ತೇ ಬಿಳಿ ಮಣಿಯಿಂದ ಶುರು ಮಾಡಿ ನೋಡಿದೆ. ಈ ಸಲ ನಿಧಾನಕ್ಕೆ ಮೇಲೇರಿ ಅಲ್ಲಿಗೇ ಬಂತು!

ಅಲ್ಲೇ ಯಾಕೆ? ಹೊರಗೆ ಹೋದ ಮಣಿಗಳನ್ನು ಬಣ್ಣ ಬೇರೆ ಮಾಡಿ ಎಣಿಸಿದಾಗ ಗೊತ್ತಾಯಿತು. 28 ಬಿಳಿ, 172 ಕೆಂಪು ಇದ್ದಾಗ ನೂರು ಜೋಡಿಯಲ್ಲಿ ಬಿಳಿ-ಬಿಳಿ ಬರುವುದು ಹೆಚ್ಚುಕಮ್ಮಿ ಎರಡೇ. ಕೆಂಪು-ಕೆಂಪು 74 ಬರುತ್ತವೆ, ಅದರಲ್ಲಿ ದಾಳ 12ನ್ನು ತಿನ್ನುತ್ತದೆ. ಅಂದರೆ 28 ಬಿಳಿಯಲ್ಲಿ 4 ಹೋದವು, 172 ಕೆಂಪಿನಲ್ಲಿ 24 ಹೋದವು. ಎರಡೂ ಕಡೆ ಏಳರಲ್ಲೊಂದು ಪಾಲು! ಎರಡು ಬಣ್ಣವೂ ಒಂದೇ ಪ್ರಮಾಣದಲ್ಲಿ ಕಳೆದುಕೊಳ್ಳುವ ಜಾಗವೇ ಆ ಸಮತೋಲ. ಬಿಳಿ ಜಾಸ್ತಿಯಾದರೆ ಕಾಯಿಲೆ ಕೆಳಗೆಳೆಯುತ್ತದೆ, ಕಮ್ಮಿಯಾದರೆ ಮಲೇರಿಯಾ ಮೇಲಕ್ಕೆತ್ತುತ್ತದೆ. ಸಮತೋಲ ಅಂದಾಗ ಶಾಂತವಾದದ್ದೇನೋ ಅನಿಸುತ್ತದೆ, ಅಲ್ವಾ? ನನ್ನ ಮೇಜಿನ ಮೇಲೆ ಪ್ರತಿ ತಲೆಮಾರಿಗೂ 14 ಮಕ್ಕಳ ಮಣಿ ಪಕ್ಕಕ್ಕೆ ಬೀಳುತ್ತಿದ್ದವು. ಅದನ್ನು ಕೈಯಾರೆ ಎತ್ತಿಡುವಾಗ ಸಂಕಟವಾಯಿತು.

ಕೊನೆಯ ಆಟದಲ್ಲಿ ದಾಳ ತೆಗೆದಿಟ್ಟೆ, ಮಲೇರಿಯಾ ಇಲ್ಲ ಅಂತ. ಬಿಳಿ ಬೇಗ ಮುಗಿದುಹೋಗುತ್ತದೆ ಅಂದುಕೊಂಡಿದ್ದೆ. ಲೆಕ್ಕದ ಪ್ರಕಾರ ಡಬ್ಬಿಯಲ್ಲಿ ಏಳರಲ್ಲೊಂದು ಬಿಳಿ ಇದ್ದದ್ದು ಮುಂದಿನ ತಲೆಮಾರಿಗೆ ಎಂಟರಲ್ಲೊಂದು, ಆಮೇಲೆ ಒಂಬತ್ತರಲ್ಲೊಂದು. ಹತ್ತು ತಲೆಮಾರು ಕಳೆದರೂ ಹದಿನೇಳರಲ್ಲೊಂದು. ಡಬ್ಬಿಯಲ್ಲೂ ಹೆಚ್ಚುಕಮ್ಮಿ ಹಾಗೇ ಆಯಿತು: ಹತ್ತನೇ ತಲೆಮಾರು ಮುಗಿದಾಗ 11 ಬಿಳಿ ಮಣಿ ಇನ್ನೂ ಉಳಿದಿದ್ದವು, ಹೆಚ್ಚಿನವು ಕೆಂಪಿನ ಜೊತೆ ಜೋಡಿಯಾಗಿಯೇ ಕೈಗೆ ಬರುತ್ತಿದ್ದವು.