ಕ್ಯಾಪಿನ ಸುತ್ತ ಕೆಂಪಾದ ಒಸಡು: ನಿಕ್ಕಲ್ ಅಲರ್ಜಿಯನ್ನು ಪತ್ತೆ ಮಾಡಿದ ಬಗೆ

ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡ ಮೇಲೆ ಒಸಡು ಉರಿಯುತ್ತದೆ ಎಂದು ಮಂಡ್ಯದ ನನ್ನ ದಂತ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಇರುವುದು ಅಲರ್ಜಿಯಲ್ಲ. ಕ್ಯಾಪಿನ ಅಂಚು ಸರಿಯಾಗಿ ಕೂರದೆ ಅಲ್ಲಿ ಪಾಚಿ ಕಟ್ಟಿಕೊಂಡು ಆದ ಉರಿಯೂತ. ಹಲ್ಲಿನ ಸೆಟ್ಟನ್ನು ರಾತ್ರಿಯೂ ತೆಗೆಯದೆ ಮಲಗುವವರ ಅಂಗುಳ ಕೆಂಪಾಗುವುದು ಕೂಡ ಬಹುಪಾಲು ಕ್ಯಾಂಡಿಡಾ ಶಿಲೀಂಧ್ರದಿಂದಲೇ ಹೊರತು ಸೆಟ್ಟಿನ ಅಕ್ರಿಲಿಕ್ ಪ್ಲಾಸ್ಟಿಕ್‌ನಿಂದಲ್ಲ. ಆದ್ದರಿಂದ ಅಲರ್ಜಿಯ ಮಾತನ್ನು ನಾನು ಎತ್ತುವುದು ಉಳಿದೆಲ್ಲವನ್ನೂ ನೋಡಿಯಾದ ಮೇಲೆ.

ಪಾಂಡವಪುರದ ಕಡೆಯ, ಆಲೆಮನೆ ನಡೆಸುವ ಮನೆತನದ ಮಹಿಳೆಯೊಬ್ಬರ ವಿಷಯದಲ್ಲಿಯೂ ಮೊದಲು ಹಲ್ಲು ಶುಚಿ ಮಾಡಿ, ಎಕ್ಸ್‌ರೇ ತೆಗೆದು ಅಂಚನ್ನು ಪರೀಕ್ಷಿಸಿದೆ. ಅಂಚು ಚೆನ್ನಾಗಿಯೇ ಕೂತಿತ್ತು. ಆದರೂ ಕ್ಯಾಪಿನ ಲೋಹದ ಪಟ್ಟಿ ತಾಗುವಷ್ಟು ಜಾಗದಲ್ಲಿ ಮಾತ್ರ ಒಸಡು ಗೆರೆ ಎಳೆದಂತೆ ಕೆಂಪಾಗಿತ್ತು. ಅದರ ಎದುರಿನ ಕೆನ್ನೆಯ ಒಳಭಾಗದಲ್ಲಿ ಬಲೆಯಂಥ ಬಿಳಿ ಗೆರೆಗಳಿದ್ದವು. ಅವರ ಕಿವಿಯ ತೂತಿನಲ್ಲಿ ಓಲೆಗೆ ಬದಲಾಗಿ ಬೇವಿನ ಕಡ್ಡಿಯಿತ್ತು. ಕೇಳಿದ್ದಕ್ಕೆ, "ಗಿಲೀಟ್‌ದು ಆಕುದ್ರೆ ಕಿವಿ ಕೆರ್ದು ಸೋರ್ತದೆ ಕಣ್ ಸಾರ್, ಚಿನ್ನದ್ದು ಬ್ಯಾಂಕ್ನಲ್ಲಿ ಅಡ ಇಟ್ಟಿವ್ನಿ" ಎಂದರು. ಕಡಿಮೆ ಬೆಲೆಯ ಗಿಲೀಟು ಒಡವೆಗಳಲ್ಲಿ ಸಾಮಾನ್ಯವಾಗಿ ಇರುವ ನಿಕ್ಕಲ್, ಅಗ್ಗದ ಲೋಹ-ಸಿರಾಮಿಕ್ ಕ್ಯಾಪುಗಳ ಒಳಗಿನ ನಿಕ್ಕಲ್-ಕ್ರೋಮಿಯಂ ಮಿಶ್ರಲೋಹದಲ್ಲಿ ಶೇ. 60ರಿಂದ 80ರಷ್ಟಿರುತ್ತದೆ, ಜೊಲ್ಲಿನಲ್ಲಿ ಅದು ಅಲ್ಪಸ್ವಲ್ಪ ಕರಗುತ್ತಲೇ ಇರುತ್ತದೆ.

ಖಚಿತಪಡಿಸಿಕೊಳ್ಳಲು ಮೈಸೂರಿನ ಚರ್ಮರೋಗ ತಜ್ಞರಲ್ಲಿಗೆ ಪ್ಯಾಚ್ ಪರೀಕ್ಷೆಗೆ ಕಳಿಸಿದೆ. ಶೇ. 5ರ ನಿಕ್ಕಲ್ ಸಲ್ಫೇಟ್ ಬೆರೆಸಿದ ಮುಲಾಮಿನ ಪಟ್ಟಿಯನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಡಬೇಕು, ಅಷ್ಟು ಹೊತ್ತು ಬೆನ್ನು ನೆನೆಯಬಾರದು. ಕೊಪ್ಪರಿಗೆಯ ಮುಂದೆ ನಿಂತವರ ಬೆವರಿಗೆ ಯಾವ ಅಂಟೂ ನಿಲ್ಲುವುದಿಲ್ಲವಾದ್ದರಿಂದ ಬೆಲ್ಲದ ಕೆಲಸಕ್ಕೆ ಬಿಡುವು ಸಿಗುವವರೆಗೆ ಕಾಯಬೇಕಾಯಿತು. ಪಟ್ಟಿ ತೆಗೆದಾಗಲೂ, 96 ಗಂಟೆಯ ಹೊತ್ತಿಗೂ, ನಿಕ್ಕಲ್ ತಾಗಿದ್ದ ಜಾಗದಲ್ಲಿ ಮಾತ್ರ ಕೆಂಪು ಗುಳ್ಳೆಗಳು ಒತ್ತಾಗಿ ಎದ್ದಿದ್ದವು.

ಇಷ್ಟರಿಂದಲೇ ಕ್ಯಾಪನ್ನು ದೂರುವಂತಿಲ್ಲ. ಚರ್ಮ ಸಹಿಸದ ನಿಕ್ಕಲನ್ನು ಬಾಯಿ ಸಹಿಸಿಕೊಂಡಿರುವವರು ಅನೇಕರಿದ್ದಾರೆ, ಏಕೆಂದರೆ ಜೊಲ್ಲು ಅದನ್ನು ತೊಳೆದುಹಾಕುತ್ತಿರುತ್ತದೆ. ನಿಜವಾದ ಪರೀಕ್ಷೆಯೆಂದರೆ ಲೋಹವನ್ನು ತೆಗೆದು ನೋಡುವುದು. ಪುಡಿ ಒಸಡಿನ ಮೇಲೆ ಕೂರದಂತೆ ಧಾರಾಳವಾಗಿ ನೀರು ಹಾಯಿಸಿ, ಅದನ್ನು ಹೀರುವ ಸಕ್ಷನ್ ಕೊಳವೆಯನ್ನು ಹತ್ತಿರವೇ ಹಿಡಿಸಿಕೊಂಡು ಕ್ಯಾಪನ್ನು ಸೀಳಿ ತೆಗೆದೆ. ಲೋಹವಿಲ್ಲದ ತಾತ್ಕಾಲಿಕ ಕ್ಯಾಪ್ ಕೂರಿಸಿ ಕೆಲವು ವಾರ ಸುಮ್ಮನಿದ್ದೆ. ಮೊದಲು ಉರಿ ಹೋಯಿತು, ಆಮೇಲೆ ಕೆಂಪು ಇಳಿಯಿತು. ಕೆನ್ನೆಯ ಬಿಳಿ ಗೆರೆಗಳು ಮಾತ್ರ ಬಹಳ ನಿಧಾನವಾಗಿ ಮಾಸಿದವು. ನಂತರ ಲೋಹದ ಪಟ್ಟಿಯಿಲ್ಲದ, ಗಟ್ಟಿ ಸಿರಾಮಿಕ್ಕಿನ ಜಿರ್ಕೋನಿಯಾ ಕ್ಯಾಪ್ ಹಾಕಿದೆ. ಬೆಲೆ ಹೆಚ್ಚು, ನಿಜ. ಆದರೆ ಈ ಬಾಯಿಗೆ ಅಗ್ಗದ ಲೋಹವನ್ನು ಮತ್ತೆ ಹಾಕಲು ನನಗೆ ಮನಸ್ಸಿರಲಿಲ್ಲ.

ಈಗ ಕ್ಯಾಪಿನ ಅಳತೆ ತೆಗೆಯುವ ಮೊದಲೇ ಓಲೆ, ವಾಚಿನ ಪಟ್ಟಿ, ಪ್ಯಾಂಟಿನ ಗುಂಡಿಯಿಂದ ತುರಿಕೆಯಾಗುತ್ತದೆಯೇ ಎಂದು ಎಲ್ಲರನ್ನೂ ಕೇಳುತ್ತೇನೆ. ಆಕೆಗೆ ನಿಕ್ಕಲ್ ಅಲರ್ಜಿಯೆಂದು ಚೀಟಿ ಬರೆದುಕೊಟ್ಟು, ಮುಂದೆ ಲೋಹದ ಕೀಲು ಕೂರಿಸುವ ಮಂಡಿಯ ಶಸ್ತ್ರಚಿಕಿತ್ಸೆಯೇನಾದರೂ ಬಂದರೆ ಮೂಳೆ ವೈದ್ಯರಿಗೂ ಅದನ್ನು ತೋರಿಸಬೇಕೆಂದು ಅವರ ಮಗನಿಗೆ ಹೇಳಿ ಕಳಿಸಿದೆ.