ಬಟ್ಟೆ ಕ್ರೇಟಿನಲ್ಲಿ ಕರಿಯ ನಿದ್ದೆ ಮಾಡಿದ: ನನ್ನ ಅನುಭವ

ಕಳೆದ ತಿಂಗಳ ನಾಯಿಗಳ ಅಡೆತಡೆ ಓಟದ ಸ್ಪರ್ಧೆಯಲ್ಲಿ ನನ್ನ ನಾಯಿ ಕರಿಯ, ಓಟ ನಡೆಯುವ ರಿಂಗಿನ ಪಕ್ಕದಲ್ಲೇ ಬಟ್ಟೆ ಕ್ರೇಟಿನೊಳಗೆ, ಅಂದರೆ ಬಟ್ಟೆ ಮತ್ತು ಜಾಲರಿಯ ಮಡಚುವ ಗೂಡಿನೊಳಗೆ, ಹೆಚ್ಚುಕಮ್ಮಿ ಮೂರು ತಾಸು ಇದ್ದ. ತಲೆಯ ಮೇಲೆ ಧ್ವನಿವರ್ಧಕ, ಎಡಗಡೆ ಒಂದೇ ಸಮ ಬೊಗಳುತ್ತಿದ್ದ ಎರಡು ಟೆರಿಯರ್, ಎದುರಿಗೆ ಚೆಂಡು ಪುಟಿಸುತ್ತ ಓಡಾಡುವ ಮಕ್ಕಳು. ನಾನು ಅಡೆತಡೆಗಳ ಕೋರ್ಸ್ ನೋಡಿಕೊಂಡು ವಾಪಸ್ ಬರುವಷ್ಟರಲ್ಲಿ ಅವನು ಪಕ್ಕಕ್ಕೆ ಹೊರಳಿ, ಹಿಂಗಾಲಿನ ಪಾದ ಜಾಲರಿಗೆ ಒತ್ತಿಕೊಂಡು ಗೊರಕೆ ಹೊಡೆಯುತ್ತಿದ್ದ.

31-32 ಕಿಲೋ ತೂಗುವ ಲ್ಯಾಬ್ರಡಾರ್ ಅವನು. ಎರಡು ವರ್ಷದ ಹಿಂದೆ ಇದೇ ನಾಯಿ ಒಂದು ಬಟ್ಟೆ ಕ್ರೇಟನ್ನು ಹನ್ನೊಂದು ನಿಮಿಷದಲ್ಲಿ ಹರಿದು ಹೊರಬಂದದ್ದನ್ನು ಕಂಡವರು ಮೊನ್ನೆಯೂ ಅಲ್ಲೇ ಇದ್ದರು. ಆಗ ಎಲ್ಲರದೂ ಒಂದೇ ಮಾತು: "ಅಣ್ಣಾ, ಬಟ್ಟೆ ಕ್ರೇಟು ಸಣ್ಣ ನಾಯಿಗೆ. ಈ ಗಾತ್ರದವನಿಗೆ ಕಬ್ಬಿಣದ್ದೇ ಸರಿ. ಸುಮ್ಮನೆ ದುಡ್ಡು ಕಳ್ಕೋಬೇಡಿ." ದುಡ್ಡು ಕಳೆದುಕೊಂಡದ್ದು ನಿಜ. ಮೊದಲ ಮೂರು ಕ್ರೇಟಿಗೆ ಸುರಿದ ಹಣದಲ್ಲಿ ಈಗ ಇರುವಂಥ ಕ್ರೇಟ್ ಎರಡು ಬರುತ್ತಿದ್ದವು, ಮೇಲೆ ಚಿಲ್ಲರೆಯೂ ಉಳಿಯುತ್ತಿತ್ತು. ಆದರೂ ಬಿಡಲಿಲ್ಲ. ನನ್ನ ತಂತಿ ಕ್ರೇಟ್ 17 ಕಿಲೋ ಇದೆ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಎಳೆದಾಡುವ ನಾಯಿ, ಎದುರಿಗೆ ಮೂರು ಮಹಡಿ ಮೆಟ್ಟಿಲು. ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಟ್ಟೆಯದು ಅದೇ ಅಳತೆಗೆ ಏಳು ಕಿಲೋ, ಮಡಚಿದರೆ ಹೆಗಲಿಗೆ ಬರುತ್ತದೆ.

ಮೊದಲನೆಯದನ್ನು ತೂಕ ನೋಡಿ ಕೊಂಡೆ. ಚೀಟಿಯಲ್ಲಿ 32 ಕಿಲೋವರೆಗೆ ಅಂತಿತ್ತು, ಉದ್ದ 91 ಸೆಂ.ಮೀ., ಎತ್ತರ 64. ಕರಿಯ ಎದ್ದು ನಿಂತರೆ ತಲೆ ಚಾವಣಿಗೆ ತಾಗುತ್ತಿತ್ತು. ಕಾಲು ಚಾಚಲು ಜಾಗವಿಲ್ಲದೆ ಮುದುಡಿ ಮಲಗುತ್ತಿದ್ದ, ಕಾಲು ಗಂಟೆಗೊಮ್ಮೆ ಎದ್ದು ಸುತ್ತು ಹಾಕುತ್ತಿದ್ದ. ಹಾಗೆ ಸುತ್ತುವಾಗಲೇ ಬೆನ್ನು ತಾಗಿ ತಾಗಿ ಚೌಕಟ್ಟಿನ ಮೂಲೆಯ ಪ್ಲಾಸ್ಟಿಕ್ ಕೀಲು ಬಿರುಕು ಬಿಟ್ಟಿತು. ಆರು ವಾರವೂ ಬಾಳಲಿಲ್ಲ.

ಆ ಸಿಟ್ಟಿಗೆ 122 ಸೆಂ.ಮೀ. ಉದ್ದದ್ದನ್ನೇ ತಂದೆ. ಡೇರೆಗೆ ಇರುವಂಥ ಫೈಬರ್‌ಗ್ಲಾಸ್ ಕಡ್ಡಿ, ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಜಾತಿ. ದಯವಿಟ್ಟು ಯಾರೂ ದೊಡ್ಡ ನಾಯಿಗೆ ಅದನ್ನು ತರಬೇಡಿ. ನಾಯಿ ಒಂದು ಗೋಡೆಗೆ ಒರಗಿದರೆ ಕ್ರೇಟೇ ಆ ಕಡೆ ವಾಲುತ್ತದೆ. ಒಂದು ದಿನ ಪೂರ್ತಿ ಮಗುಚಿತು. ಒಳಗಿದ್ದ ಕರಿಯ ಗಾಬರಿಯಾಗಿ ಒದ್ದಾಡಿದಷ್ಟೂ ಅದು ಉರುಳುತ್ತ ಹೋಯಿತು, ಎರಡು ಮೀಟರ್ ಆದರೂ ಹೋಗಿರಬೇಕು. ಅವನ ಕಣ್ಣು ಆ ಹೊತ್ತು ಹೇಗಿತ್ತು ಅನ್ನುವುದು ನನಗೆ ಈಗಲೂ ನೆನಪಿದೆ. ಆ ಹೆದರಿಕೆ ಬಿಡಿಸಲು ಒಂದೂವರೆ ತಿಂಗಳು ಹಿಡಿಯಿತು. ಹೋದ ದುಡ್ಡಿಗಿಂತ ಆ ಒಂದೂವರೆ ತಿಂಗಳೇ ನನಗೆ ಹೆಚ್ಚು ಬೇಸರ.

ಮೂರನೆಯದರಲ್ಲಿ ಅಳತೆ ಸರಿಯಿತ್ತು, ಉಕ್ಕಿನ ಕೊಳವೆಯ ಚೌಕಟ್ಟೂ ಗಟ್ಟಿಯಿತ್ತು. ಕೈಕೊಟ್ಟದ್ದು ಝಿಪ್. ಹನ್ನೊಂದು ನಿಮಿಷದ ಕಥೆ ಅದರದೇ. ಮಾರಿದವರು ಹರಿದ ಮಾಲು ವಾಪಸ್ ತೆಗೆದುಕೊಳ್ಳಲಿಲ್ಲ.

ಅವತ್ತು ಫೋನನ್ನು ಎದುರಿಗಿಟ್ಟು ರೆಕಾರ್ಡ್ ಮಾಡಿದ್ದೆ. ಮನೆಗೆ ಬಂದು ಆ ವಿಡಿಯೋವನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಮೊದಲ ಮೂರು ನಿಮಿಷ ಕರಿಯ ಸುಮ್ಮನೆ ಕೂತಿದ್ದಾನೆ. ಆಮೇಲೆ ಬಾಗಿಲ ಕೆಳಮೂಲೆಯನ್ನು ಮೂಸುತ್ತಾನೆ, ಝಿಪ್ ಎಳೆಯುವ ಎರಡು ಗುಂಡಿಗಳು ಕೂಡುವ ಜಾಗ ಅದು. ಮೂಗು ತಗುಲಿ ಒಂದು ಗುಂಡಿ ಎರಡು ಬೆರಳಿನಷ್ಟು ಸರಿಯುತ್ತದೆ. ಅವನು ತಲೆ ಎತ್ತಿ ಒಂದು ಕ್ಷಣ ಆ ಸಂದಿಯನ್ನೇ ನೋಡುತ್ತಾನೆ. ಅಲ್ಲಿಂದ ಮುಂದೆ ಪಂಜ, ಹಲ್ಲು, ಎಲ್ಲ. ಅಂದರೆ ಹೆದರಿಯೋ ಸಿಟ್ಟಿನಿಂದಲೋ ಹರಿದದ್ದಲ್ಲ. ಇದು ತೆರೆಯುತ್ತದೆ ಅನ್ನುವುದನ್ನು ಕ್ರೇಟೇ ಅವನಿಗೆ ಕಲಿಸಿಕೊಟ್ಟಿತು. ತಂತಿ ಕ್ರೇಟ್ ಅವನಿಗೆ ಆ ಪಾಠ ಯಾವತ್ತೂ ಹೇಳಿರಲಿಲ್ಲ.

ನಾನು ದಾರಿ ಬದಲಿಸಿದ್ದು ಅಲ್ಲಿ. ಬಟ್ಟೆಗೆ ನಾಯಿಯನ್ನು ತಡೆಯುವ ತಾಕತ್ತಿಲ್ಲ, ಎಷ್ಟು ದಪ್ಪದ್ದು ತಂದರೂ ಇಲ್ಲ. ಒಳಗೆ ಇರುವುದೇ ವಾಸಿ ಅಂತ ಮೊದಲೇ ಒಪ್ಪಿಕೊಂಡ ನಾಯಿಗೆ ಮಾತ್ರ ಅದು ಮನೆಯಾಗುತ್ತದೆ. ಹಾಗಾಗಿ ಹೊಸ ಕ್ರೇಟ್ ಕೊಳ್ಳುವ ಮೊದಲು ತಂತಿ ಕ್ರೇಟಿನಲ್ಲೇ ಹತ್ತು ವಾರ ಅವನಿಗೆ ಅಭ್ಯಾಸ ಮಾಡಿಸಿದೆ. ಒಳಗೆ ಊಟ, ಬಾಗಿಲು ಹಾಕಿ ತೆಗೆಯುವುದು, ಸಮಯ ಬೆಳೆಸುವುದು, ಇವೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಹೆಚ್ಚಾಗಿ ಮಾಡಿದ್ದು ಒಂದೇ: ಬಾಗಿಲು ತೆರೆದದ್ದಕ್ಕೂ ಹೊರಬರುವುದಕ್ಕೂ ನಂಟು ಕಡಿದೆ. ಬಾಗಿಲು ತೆಗೆಯುತ್ತೇನೆ, ಅವನು ಎದ್ದರೆ ಮಾತಿಲ್ಲದೆ ಮುಚ್ಚುತ್ತೇನೆ. ಗಲ್ಲ ನೆಲಕ್ಕೆ ಊರಿದರೆ ಮತ್ತೆ ತೆಗೆದು ತಿಂಡಿಯ ತುಣುಕು ಒಳಗೇ ಕೊಡುತ್ತೇನೆ. "ಬಾ" ಅಂದರೆ ಮಾತ್ರ ಹೊರಗೆ. ಮೊದಲ ವಾರ ದಿನಕ್ಕೆ ಅರವತ್ತು ಎಪ್ಪತ್ತು ಸಲ ಆ ಬಾಗಿಲು ತೆಗೆದು ಹಾಕಿದ್ದೇನೆ. ಐದನೇ ವಾರಕ್ಕೆ ಬಾಗಿಲು ಹಾರುಹೊಡೆದಿದ್ದರೂ ಕರಿಯ ಎದ್ದು ಬರುತ್ತಿರಲಿಲ್ಲ, ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಬರುತ್ತಿರಲಿಲ್ಲ.

ಆಮೇಲೆ ಝಿಪ್ಪಿನ ಸದ್ದು. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ತಂತಿ ಬಾಗಿಲು ಟಕ್ ಅಂತ ಒಂದೇ ಸದ್ದು ಮಾಡಿ ಮುಗಿಸುತ್ತದೆ. ಝಿಪ್ ಮುಖದ ಮುಂದೆಯೇ ಸರ್ರೆಂದು ಮೂಲೆಯಿಂದ ಮೂಲೆಗೆ ಹರಿದಾಡುತ್ತದೆ. ನಾಯಿಯ ಕಣ್ಣು ಆ ಗುಂಡಿಯ ಜೊತೆಗೇ ಓಡುತ್ತದೆ. ಹಾಗಾಗಿ ಹರಿದು ಹೋಗಿದ್ದ ಮೂರನೇ ಕ್ರೇಟಿನಿಂದ ಝಿಪ್ ಬಿಚ್ಚಿ ಕೈಯಲ್ಲೇ ಇಟ್ಟುಕೊಂಡು, ಊಟದ ಬಟ್ಟಲಿನ ಪಕ್ಕ ಕೂತು ಎಳೆದೆ. ಒಂದು ಇಂಚು, ಒಂದು ತುಣುಕು. ನಾಲ್ಕು ಇಂಚು, ಒಂದು ತುಣುಕು. ಎಂಟು ದಿನಕ್ಕೆ ಝಿಪ್ಪಿನ ಸದ್ದು ಕೇಳಿದರೆ ಮಲಗುವ ಹಂತಕ್ಕೆ ಬಂದ.

ನಾಲ್ಕನೇ ಕ್ರೇಟಿಗೆ ಅಳತೆ ತೆಗೆದದ್ದು ನಾಯಿ ಮಲಗಿದ್ದಾಗ. ಮೂಗಿನಿಂದ ಬಾಲದ ಬುಡದವರೆಗೆ ನಿಲ್ಲಿಸಿ ಅಳೆದು, ಹತ್ತು ಸೆಂ.ಮೀ. ಸೇರಿಸುವುದು ಎಲ್ಲರಿಗೂ ಗೊತ್ತು. ಕರಿಯನಿಗೆ ಆ ಹತ್ತು ಸೇರಿಸುವ ಮೊದಲೇ 89 ಬಂತು. ಆದರೆ ಅಗಲವನ್ನು ಯಾರೂ ಅಳೆಯುವುದಿಲ್ಲ. ಮಧ್ಯಾಹ್ನ ಅವನು ಪಕ್ಕಕ್ಕೆ ಹೊರಳಿ ಗಾಢ ನಿದ್ದೆಗೆ ಹೋದಾಗ ಬೆನ್ನಿನಿಂದ ಕಾಲ ತುದಿಗೆ ಟೇಪು ಹಿಡಿದೆ: 68 ಚಿಲ್ಲರೆ. ಈ ಅಗಲ ಸಿಗದಿದ್ದರೆ ನಾಯಿ ಮಲಗುತ್ತದೆ, ನಿದ್ದೆ ಮಾಡುವುದಿಲ್ಲ. ನಿದ್ದೆ ಮಾಡದ ನಾಯಿಗೆ ಝಿಪ್ ಹುಡುಕಲು ಬೇಕಾದಷ್ಟು ಹೊತ್ತಿರುತ್ತದೆ. ಕೊನೆಗೆ ಆರಿಸಿದ್ದು 107 ಉದ್ದ, 71 ಅಗಲ, 71 ಎತ್ತರ. ಬಟ್ಟೆ 600 ಡೆನಿಯರ್ (ಎಳೆಯ ದಪ್ಪದ ಅಳತೆ), ಅದಕ್ಕಿಂತ ತೆಳುವಾದದ್ದು ಬೇಡ. ನಾಲ್ಕೂ ಕಡೆ ಜಾಲರಿ, ಬಾಗಿಲು ಮುಂದೊಂದು, ಪಕ್ಕಕ್ಕೊಂದು. ಜಾಲರಿಯನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನ ಉಗುರಿನಿಂದ ಕೆರೆದು ನೋಡಿ. ಎಳೆ ಜರುಗಿ ಕಣ್ಣು ದೊಡ್ಡದಾದರೆ ಅದು ಸೊಳ್ಳೆಪರದೆ, ಅಲ್ಲೇ ಇಟ್ಟು ಬನ್ನಿ.

ಝಿಪ್ ಮಾತ್ರ ಇದರದ್ದೂ ಸಣ್ಣದೇ. ಬ್ಯಾಗು ಹೊಲಿಯುವವರ ಹತ್ತಿರ ಕೊಟ್ಟು ಎರಡೂ ಬಾಗಿಲಿಗೆ ದಪ್ಪ ಹಲ್ಲಿನ 10ನೇ ನಂಬರಿನದು ಹಾಕಿಸಿದೆ. ಕ್ರೇಟಿನ ಬೆಲೆಯ ಹತ್ತನೇ ಒಂದು ಪಾಲೂ ಖರ್ಚಾಗಲಿಲ್ಲ. ಮೊದಲೇ ಇದನ್ನು ಮಾಡಿದ್ದರೆ ಮೂರನೆಯದೇ ಇವತ್ತಿಗೂ ಇರುತ್ತಿತ್ತು. ಹೊಲಿಯುವಾಗ ಗುಂಡಿಗಳೆರಡು ಮೇಲಿನ ಮೂಲೆಯಲ್ಲಿ ಕೂಡುವ ಹಾಗೆ ಹೇಳಿ, ಮಲಗಿದ ನಾಯಿಯ ಮೂಗು ಅಲ್ಲಿಗೆ ಬರುವುದಿಲ್ಲ. ಎರಡಕ್ಕೂ ಸೇರಿಸಿ ಒಂದು ಸಣ್ಣ ಕ್ಯಾರಬೀನರ್ ಕೊಕ್ಕೆ. ತಿಂಗಳಿಗೊಮ್ಮೆ ಹಲ್ಲಿನ ಮೇಲೆ ಮೇಣದಬತ್ತಿ ಉಜ್ಜಿದರೆ ಝಿಪ್ ಸಿಕ್ಕಿಕೊಳ್ಳುವುದಿಲ್ಲ.

ಹೊಸದರಲ್ಲಿ ಹತ್ತು ದಿನ ಬಾಗಿಲು ಸುತ್ತಿ ಕಟ್ಟಿಯೇ ಇಟ್ಟಿದ್ದೆ. ತಂತಿ ಕ್ರೇಟಿನ ಹಳೇ ಮ್ಯಾಟನ್ನು ತೊಳೆಯದೆ ಹಾಗೇ ಹಾಸಿದೆ. ಅದರ ಕೆಳಗೆ 6 ಮಿ.ಮೀ. ಪ್ಲೈವುಡ್ ಹಲಗೆ, ಎರಡು ತುಂಡು ಮಾಡಿ ಮಧ್ಯೆ ಅಗಲ ಟೇಪಿನಿಂದ ಕೀಲು ಮಾಡಿದ್ದೇನೆ, ಮಡಚಲು ಅನುಕೂಲ. ಈ ಹಲಗೆಯಿಂದ ಎರಡು ಲಾಭ: ನಾಯಿಯ ಕಾಲಡಿ ನೆಲ ಜೋಲುವುದಿಲ್ಲ, ನಾಯಿಯ ಭಾರ ಹಲಗೆಯ ಮೇಲೆ ಕೂತು ಕ್ರೇಟ್ ಮಗುಚುವುದಿಲ್ಲ. ಎರಡನೇ ಕ್ರೇಟಿನ ನೆನಪಿಗೆ ನಾಲ್ಕು ಮೂಲೆಗೆ ಮರಳು ಚೀಲವನ್ನೂ ಕಟ್ಟುತ್ತಿದ್ದೆ, ಹಲಗೆ ಬಂದ ಮೇಲೆ ಅದು ಬೇಕಾಗಲಿಲ್ಲ.

ಇನ್ನು ಸೆಕೆ. ಗದ್ದಲ ಕಾಣದಿದ್ದರೆ ನಾಯಿ ಶಾಂತವಾಗಿರುತ್ತದೆ ಅಂತ ಮೇಲೆ ಹೊದಿಕೆ ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ, ನನಗೂ ಇತ್ತು. ಒಂದು ಮಧ್ಯಾಹ್ನ ಎರಡು ತಾಪಮಾಪಕ ತಂದು, ಒಂದನ್ನು ಹೊರಗೆ ನೆರಳಲ್ಲಿ, ಒಂದನ್ನು ಕ್ರೇಟಿನ ಒಳಗೆ ಕರಿಯನ ಮೂಗಿನ ಎತ್ತರಕ್ಕೆ ತೂಗುಹಾಕಿದೆ. ಹೊರಗೆ 29 ಇತ್ತು. ಮೂರು ಕಡೆ ಹೊದಿಸಿ ನಲವತ್ತು ನಿಮಿಷಕ್ಕೆ ಒಳಗೆ 33 ತೋರಿಸಿತು, ಅವನು ನಾಲಿಗೆ ಚಾಚಿ ತೇಕತೊಡಗಿದ್ದ. ಎದುರುಬದುರು ಎರಡು ಕಡೆ ತೆರೆದೆ. ಇಪ್ಪತ್ತು ನಿಮಿಷಕ್ಕೆ 30ಕ್ಕೆ ಇಳಿಯಿತು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕಿ. ನಾಲಿಗೆಯ ತೇವ ಆರಿದಷ್ಟೂ ತಂಪು. ಮುಚ್ಚಿದ ಬಟ್ಟೆಯೊಳಗೆ ಅದೇ ಉಸಿರಿನ ತೇವ ತುಂಬಿಕೊಂಡರೆ ತೇಕಿದರೂ ಪ್ರಯೋಜನ ಕಡಿಮೆ. ನಾಯಿಯ ಮೈ ಬಿಸಿ ಮಾಮೂಲಿಗೆ 38ರಿಂದ 39 ಡಿಗ್ರಿ, 41 ದಾಟಿದರೆ ಜೀವಕ್ಕೇ ಅಪಾಯ. ನಡುವೆ ಇರುವ ಅಂತರ ಎಷ್ಟು ಸಣ್ಣದು ನೋಡಿ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯವು ಇದ್ದರೆ ಹೊದಿಕೆಯನ್ನೇ ಮರೆತುಬಿಡಿ. ಈಗ ನಾನು ಹೊದಿಸುವುದು ಒಂದೇ ಕಡೆ, ಜನ ಓಡಾಡುವ ಕಡೆ. ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಇಡುವ ಪ್ರಯೋಗವನ್ನೂ ಮಾಡಿದೆ. ಕರಿಯ ಅದನ್ನು ದೂರ ತಳ್ಳಿ ಮಲಗಿದ, ಮ್ಯಾಟ್ ಒದ್ದೆಯಾಯಿತು. ಬ್ಯಾಟರಿ ಫ್ಯಾನನ್ನು ಜಾಲರಿಗೆ ಹೊರಗಿನಿಂದ ಸಿಕ್ಕಿಸಿದ್ದು ಮಾತ್ರ ಚೆನ್ನಾಗಿ ನಡೆದಿದೆ.

ಓಡುವ ಕಾರಿನಲ್ಲಿ ನಾನು ಬಟ್ಟೆ ಕ್ರೇಟ್ ಬಳಸುವುದಿಲ್ಲ. ಈ ವಿಷಯದಲ್ಲಿ ನನ್ನ ಹತ್ತಿರ ವಾದ ಮಾಡಿದವರಿಗೆಲ್ಲ ಇದೇ ಉತ್ತರ. ಗುದ್ದಿದರೆ ಆ ಕೊಳವೆ, ಆ ಬಟ್ಟೆ ಮೂವತ್ತು ಕಿಲೋ ನಾಯಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಕಾರಿನಲ್ಲಿ ಕರಿಯನಿಗೆ ಎದೆಪಟ್ಟಿ, ಅದಕ್ಕೆ ಸೀಟ್ ಬೆಲ್ಟ್. ಕ್ರೇಟ್ ಮಡಚಿಕೊಂಡು ಡಿಕ್ಕಿಯಲ್ಲಿರುತ್ತದೆ, ತಲುಪಿದ ಮೇಲೆ ಬಿಚ್ಚುತ್ತೇನೆ. ವಿಮಾನದ ಸರಕು ಕೋಣೆಗೂ ಇದು ಆಗದು. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಎಟಿಎಯ ನಿಯಮದಂತೆ ಅಲ್ಲಿಗೆ ಗಟ್ಟಿ ಗೋಡೆಯ ಪೆಟ್ಟಿಗೆಯೇ ಬೇಕು, ಬಟ್ಟೆಯದೇನಿದ್ದರೂ ಸೀಟಿನ ಕೆಳಗೆ ಕೂರುವ ಪುಟ್ಟ ನಾಯಿಗಳಿಗೆ, ಅದೂ ಆ ವಿಮಾನ ಸಂಸ್ಥೆ ಒಪ್ಪಿದರೆ.

ಒಮ್ಮೆ ಹುಷಾರಿಲ್ಲದಾಗ ಕರಿಯ ಒಳಗೇ ಮೂತ್ರ ಮಾಡಿಬಿಟ್ಟ, ಪಾಪ. ಅಮೋನಿಯಾ ಇರುವ ನೆಲ ಒರೆಸುವ ದ್ರವ ಹಾಕಿ ತೊಳೆದೆ. ಮರುದಿನ ಒಳಗೆ ಹೋದವನು ಅದೇ ಮೂಲೆ ಮೂಸಿ ಕಾಲೆತ್ತಲು ಹೊರಟ. ಅಮೋನಿಯಾದ ವಾಸನೆ ಅವಕ್ಕೆ ಮೂತ್ರದ ವಾಸನೆಯ ಹಾಗೆಯೇ. ಕಿಣ್ವ ಇರುವ ದ್ರವದಲ್ಲಿ ರಾತ್ರಿ ಪೂರ್ತಿ ನೆನೆಸಿ, ತಣ್ಣೀರಲ್ಲಿ ಜಾಲಾಡಿ, ನೆರಳಲ್ಲಿ ಒಣಗಿಸಿದ ಮೇಲೆ ಸರಿಹೋಯಿತು. ಜಾಲರಿಯ ಅಂಚು ಬಿಟ್ಟುಕೊಂಡರೆ ಮಾಮೂಲಿ ದಾರ ಬೇಡ, ಹಲ್ಲು ಶುಚಿ ಮಾಡುವ ಮೇಣದ ದಾರದಿಂದ ಒತ್ತಾಗಿ ಹೊಲಿಯಿರಿ. ಎಡಮೂಲೆಯಲ್ಲಿ ನಾನು ಹೊಲಿದ ಒಂದು ಗೇಣು ಜಾಗ ಒಂದು ವರ್ಷದಿಂದ ಹಾಗೇ ಇದೆ, ಅದರ ಪಕ್ಕದ ಕಾರ್ಖಾನೆ ಹೊಲಿಗೆಯೇ ಸಡಿಲವಾಗಿದೆ.

ನನ್ನ ಇನ್ನೊಂದು ನಾಯಿ, ಬೀಗಲ್ ಜಾತಿಯ ಚಿನ್ನಿಗೂ ಇದೇ ಕ್ರಮದಲ್ಲಿ ಕಲಿಸಿದೆ. ಹದಿನಾಲ್ಕು ವಾರ ಆಯಿತು. ನಾನು ಎದುರಿಗಿದ್ದರೆ ತಾಸುಗಟ್ಟಲೆ ಮಲಗುತ್ತಾಳೆ. ಬಾಗಿಲು ದಾಟಿ ಮರೆಯಾದರೆ ನಾಲ್ಕು ನಿಮಿಷಕ್ಕೆ ಜಾಲರಿ ಕೆರೆಯಲು ಶುರು, ಕುಂಯ್‌ಗುಟ್ಟುವುದು ನಿಲ್ಲುವುದೇ ಇಲ್ಲ. ಒಂಟಿಯಾಗಿ ಬಿಟ್ಟರೆ ತಡೆಯದ ಜೀವ ಅದು, ಕ್ರೇಟ್ ಬದಲಿಸಿ ಪ್ರಯೋಜನವಿಲ್ಲ. ಅವಳಿಗಾಗಿ ತಂತಿ ಕ್ರೇಟನ್ನು ಈಗಲೂ ಹೊತ್ತೊಯ್ಯುತ್ತೇನೆ. ಕರಿಯನದನ್ನು ಹೆಗಲಿಗೆ ಹಾಕಿ, ಅವಳದನ್ನು ಕೈಯಲ್ಲಿ ಹಿಡಿದು.